ಧೂಳು ಒರೆಸಿದ ಮೇಲೆ: ಹಳೇ ‘ಲೈಟ್ ಮ್ಯೂಸಿಕ್’ ಆರ್ಕೆಸ್ಟ್ರಾ ರೆಕಾರ್ಡುಗಳ ಕಥೆ

ಭಾಗ 1/10: ಹಗುರ ಅಂದ್ರೆ ಏನು?

1951ರಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಆದ ಒಂದು ವಾಲ್ಟ್ಸ್ ಇದೆ. ಹೆಸರು ‘ಚಾರ್ಮೇನ್’. ಸುಮಾರು ಮೂರು ನಿಮಿಷ, ಅಷ್ಟೇ. ಹಾಡೋರು ಯಾರೂ ಇಲ್ಲ. ಪಿಟೀಲುಗಳು ಒಂದರ ಮೇಲೊಂದು ಜಾರಿ ಬೀಳ್ತಾ ಹೋಗ್ತವೆ, ನೀರು ಬಂಡೆಯಿಂದ ಬಂಡೆಗೆ ಇಳಿದ ಹಾಗೆ. ನುಡಿಸಿದ್ದು ಮಾಂಟೊವಾನಿ ಅನ್ನೋರ ಆರ್ಕೆಸ್ಟ್ರಾ.

ಗಂಭೀರ ಸಂಗೀತದ ಪಂಡಿತರು ಇಂಥದ್ದನ್ನ ಲೆಕ್ಕಕ್ಕೇ ಇಡ್ತಿರಲಿಲ್ಲ. ಆಮೇಲೆ ಬಂದ ರಾಕ್ ಪೀಳಿಗೆ ಇದನ್ನ ಅಪ್ಪ-ಅಮ್ಮಂದಿರ ಸಂಗೀತ ಅಂತ ಪಕ್ಕಕ್ಕೆ ಸರಿಸಿತು. ಆದ್ರೂ ಇವತ್ತು ಸ್ಟ್ರೀಮಿಂಗ್ ಆ್ಯಪ್ ತೆಗೆದು ಹುಡುಕಿದ್ರೆ ಅದು ಸಿಗುತ್ತೆ, ‘ರೀಮಾಸ್ಟರ್ಡ್’ ಅನ್ನೋ ಪಟ್ಟಿ ಹಚ್ಚಿಕೊಂಡು. ಬರೀ ‘ಹಿನ್ನೆಲೆಗೆ ಇರಲಿ’ ಅನ್ನೋ ಸಂಗೀತವನ್ನ ಎಪ್ಪತ್ತು ವರ್ಷ ಆದ್ಮೇಲೂ ಯಾರೋ ಕೂತು ತೊಳೆದು ಒರೆಸಿ ಇಡ್ತಾರೆ, ಇನ್ಯಾರೋ ಕೇಳ್ತಾರೆ. ಯಾಕೆ? ಈ ಸರಣಿ ಪೂರ್ತಿ ಆ ಒಂದು ಪ್ರಶ್ನೆ ಬಗ್ಗೆ.

ಮೊದಲು ಹೆಸರಿನ ವಿಷಯ. ನಮ್ಮಲ್ಲಿ ‘ಲೈಟ್ ಮ್ಯೂಸಿಕ್’ ಅಂದ್ರೆ ಸುಗಮ ಸಂಗೀತ: ಭಾವಗೀತೆ, ಹಾರ್ಮೋನಿಯಂ, ತಬಲಾ. ಬ್ರಿಟನ್ನಿನಲ್ಲಿ ಅದೇ ಹೆಸರು ಬೇರೆ ಒಂದಕ್ಕಿದೆ. ಸಿಂಫನಿಗೂ ಡ್ಯಾನ್ಸ್ ಬ್ಯಾಂಡಿಗೂ ನಡುವೆ ಕೂರೋ ಆರ್ಕೆಸ್ಟ್ರಾ ಸಂಗೀತ ಅದು. ವಾದ್ಯಗಳು ಬಹುಪಾಲು ಅವೇ, ಕಲಾವಿದರು ಅಷ್ಟೇ ಪಳಗಿದವರು, ಆದರೆ ತುಣುಕು ಮೂರು-ನಾಲ್ಕು ನಿಮಿಷದ್ದು. ಒಂದು ಸಲ ಕೇಳಿದ್ರೆ ಗುನುಗೋಕೆ ಬರಬೇಕು. ಕೇಳೋದಕ್ಕೆ ಸುಲಭ, ಮಾಡೋದಕ್ಕೆ ಅಲ್ಲ. ಸ್ವೈಪ್ ಮಾಡಿ.

ಭಾಗ 2/10: ಕಾರ್ಖಾನೆಯಲ್ಲಿ ಆರ್ಕೆಸ್ಟ್ರಾ

ಈ ಸಂಗೀತಕ್ಕೆ ಮನೆ ಕೊಟ್ಟಿದ್ದು ರೇಡಿಯೋ. ಬ್ರಿಟನ್ನಿನಲ್ಲಿ ಇದರ ದೊಡ್ಡ ಹೆಸರು ಎರಿಕ್ ಕೋಟ್ಸ್ (1886–1957). ಮೊದಲು ಲಂಡನ್ನಿನ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸ್ತಿದ್ದವರು, ಆಮೇಲೆ ಪೂರ್ತಿ ಸಂಯೋಜನೆಗೆ ಇಳಿದ್ರು. 1933ರಲ್ಲಿ ಅವರ ‘ನೈಟ್ಸ್‌ಬ್ರಿಜ್’ ಮಾರ್ಚ್ ಒಂದು ಬಿಬಿಸಿ ಕಾರ್ಯಕ್ರಮದ ಶುರುವಿನ ರಾಗ ಆಯ್ತು. ಅವರ ‘ಸ್ಲೀಪಿ ಲಗೂನ್’ 1942ರಲ್ಲಿ ಶುರುವಾದ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ಗೆ ರಾಗ ಆಯ್ತು, ಇವತ್ತಿಗೂ ಅದೇ ಇದೆ.

ನಮ್ಮ ಆಕಾಶವಾಣಿಯ ಬೆಳಗಿನ ರಾಗ ನೆನಪಿಸಿಕೊಳ್ಳಿ. ಹಿಟ್ಲರನಿಂದ ತಪ್ಪಿಸಿಕೊಂಡು ಮುಂಬೈಗೆ ಬಂದ ವಾಲ್ಟರ್ ಕೌಫ್‌ಮನ್ ಮಾಡಿದ್ದು ಅದು. ಒಂದು ಚಿಕ್ಕ ರಾಗ ಇಡೀ ದೇಶದ ಬೆಳಗಿನ ಜೊತೆ ಅಂಟಿಕೊಂಡುಬಿಡುತ್ತೆ, ಅಲ್ವಾ? ಲೈಟ್ ಮ್ಯೂಸಿಕ್ ಕೆಲಸ ಮಾಡಿದ್ದು ಹಾಗೇ.

ಎರಡನೇ ಮಹಾಯುದ್ಧ ಬಂತು. 1940ರ ಜೂನ್‌ನಲ್ಲಿ ಬಿಬಿಸಿ ‘ಮ್ಯೂಸಿಕ್ ವೈಲ್ ಯೂ ವರ್ಕ್’ ಶುರುಮಾಡಿತು. ಬೆಳಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಅರ್ಧ ಗಂಟೆ, ಕಾರ್ಖಾನೆಯ ಸ್ಪೀಕರುಗಳಲ್ಲಿ. ಯಂತ್ರದ ಸದ್ದನ್ನ ಮೀರಿ ಕೇಳಿಸಬೇಕು, ಲಯ ಒಂದೇ ಸಮ ಇರಬೇಕು, ಕೆಲಸದಿಂದ ಗಮನ ಎಳೆಯಬಾರದು. ‘ಡೀಪ್ ಇನ್ ದ ಹಾರ್ಟ್ ಆಫ್ ಟೆಕ್ಸಸ್’ ಅನ್ನೋ ಹಾಡಿಗೆ ಇಲ್ಲಿ ಪ್ರವೇಶವೇ ಇರಲಿಲ್ಲ. ಯಾಕೆ ಗೊತ್ತಾ? ಅದರ ನಡುವೆ ಚಪ್ಪಾಳೆ ಬರುತ್ತೆ. ಕೆಲಸಗಾರರು ಕೈಯಲ್ಲಿರೋ ಉಪಕರಣ ಕೆಳಗಿಟ್ಟು ಚಪ್ಪಾಳೆ ಹೊಡೀತಾರೆ, ಇಲ್ಲಾ ಅದರಿಂದಲೇ ಕುಟ್ಟುತ್ತಾರೆ ಅನ್ನೋ ಹೆದರಿಕೆ!

ಭಾಗ 3/10: ತಟ್ಟೆ ಮಾಡಿದ್ದು ಅರಗಿನಿಂದ

ಫೋಟೋದಲ್ಲಿರೋದು 78 ಆರ್‌ಪಿಎಂ ರೆಕಾರ್ಡು. ನಿಮಿಷಕ್ಕೆ ಸುಮಾರು 78 ಸುತ್ತು. ಹತ್ತು ಇಂಚಿನ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷ, ಹನ್ನೆರಡು ಇಂಚಿನದ್ದರಲ್ಲಿ ನಾಲ್ಕೈದು. ಸಿಂಫನಿ ಕೇಳೋರು ನಾಲ್ಕೈದು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುಗಿಸಬೇಕಿತ್ತು. ಲೈಟ್ ಮ್ಯೂಸಿಕ್ ಬರೆಯೋರು ಆ ಅಳತೆಗೇ ಬಟ್ಟೆ ಹೊಲಿದ್ರು. ಒಂದು ಬದಿ, ಒಂದು ತುಣುಕು, ಅರ್ಧದಲ್ಲಿ ಕಡಿಯೋ ಗೋಜೇ ಇಲ್ಲ.

ಈ ತಟ್ಟೆ ಪ್ಲಾಸ್ಟಿಕ್ ಅಲ್ಲ. ಶೆಲ್ಯಾಕ್, ಅಂದ್ರೆ ಅರಗು. ಮಹಾಭಾರತದ ಅರಗಿನ ಮನೆಯ ಅರಗು, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡೋ ಅದೇ ಅರಗು. ಮರದ ಕೊಂಬೆ ಮೇಲೆ ಪುಟ್ಟ ಕೀಟಗಳು ಸುರಿಸೋ ಅಂಟು ಅದು. ಜಗತ್ತಿಗೆ ಹೋಗ್ತಿದ್ದ ಅರಗಿನಲ್ಲಿ ದೊಡ್ಡ ಪಾಲು ಭಾರತದ್ದು. ಲಂಡನ್ನಿನ ಪಿಟೀಲು ಕೇಳಿಸ್ತಾ ಇದ್ದಿದ್ದು ಇಲ್ಲಿನ ಕಾಡಿನ ಅಂಟಿನ ಮೇಲೆ.

ಬರೀ ಅರಗಾದ್ರೆ ಬೇಗ ಸವೆಯುತ್ತೆ, ಬೆಲೆನೂ ಜಾಸ್ತಿ. ಅದಕ್ಕೆ ಕಲ್ಲಿನ ನುಣ್ಣನೆ ಪುಡಿ ಬೆರೆಸ್ತಿದ್ರು. ಉಕ್ಕಿನ ಸೂಜಿ ಆ ಪುಡಿಯನ್ನ ಉಜ್ಜಿಕೊಂಡು ಹೋಗುವಾಗ ಬರೋದೇ ಆ ‘ಸರ್ರ್...’ ಅನ್ನೋ ಸದ್ದು. ಹಳೇ ರೆಕಾರ್ಡಿನ ಸರಸರ ಬರೀ ವಯಸ್ಸಿನಿಂದ ಬಂದಿದ್ದಲ್ಲ, ತಟ್ಟೆ ಹೊಸದಾಗಿದ್ದಾಗಲೂ ಇತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಯುದ್ಧದಲ್ಲಿ ಅರಗು ಸಿಗೋದು ಕಷ್ಟ ಆಯ್ತು. 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡ್ ಕಂಪನಿಗಳ ಅರಗಿನ ಬಳಕೆಗೆ ಕಡಿವಾಣ ಹಾಕಿತು. ಜನರಿಂದ ಹಳೇ ತಟ್ಟೆ ವಾಪಸ್ ತಗೊಂಡು, ಪುಡಿ ಮಾಡಿ, ಹೊಸದು ಅಚ್ಚು ಹಾಕಿದ್ರು. ಎಷ್ಟು ಸಂಗೀತ ಹಾಗೇ ಪುಡಿಯಾಯ್ತೋ!

ಭಾಗ 4/10: ಸಬ್‌ಮರೀನ್ ಕೊಟ್ಟ ಕಿವಿ

ಅದೇ ಯುದ್ಧ ಇನ್ನೊಂದು ಕಡೆಯಿಂದ ರೆಕಾರ್ಡಿಂಗಿಗೆ ಉಪಕಾರ ಮಾಡಿತು.

ಸಮುದ್ರದ ಮೇಲೆ ಗಸ್ತು ಹೊಡೆಯೋ ಬ್ರಿಟಿಷ್ ವಾಯುಪಡೆಯ ಕೋಸ್ಟಲ್ ಕಮಾಂಡಿಗೆ ಒಂದು ಸಮಸ್ಯೆ ಇತ್ತು. ನೀರಿನಡಿ ಕೇಳಿಸೋ ಸದ್ದು ಜರ್ಮನ್ ಸಬ್‌ಮರೀನಿಂದೋ, ತಮ್ಮದೇ ಸಬ್‌ಮರೀನಿಂದೋ? ಎರಡರ ವ್ಯತ್ಯಾಸ ಇರೋದು ತುಂಬಾ ಸೂಕ್ಷ್ಮವಾದ ಎತ್ತರದ ದನಿಗಳಲ್ಲಿ. ಅದನ್ನ ಗುರುತಿಸೋಕೆ ಸಿಬ್ಬಂದಿಗೆ ಕಲಿಸಬೇಕಾದ್ರೆ ಆ ದನಿಗಳೂ ಉಳಿಯೋ ರೆಕಾರ್ಡು ಬೇಕು. ಆಗಿನ ಮಾಮೂಲಿ ರೆಕಾರ್ಡಿಂಗ್ ಅಷ್ಟು ಎತ್ತರಕ್ಕೆ ಹತ್ತುತ್ತಿರಲಿಲ್ಲ.

ಕೆಲಸ ಡೆಕ್ಕಾ ಕಂಪನಿಗೆ ಬಂತು. ಆರ್ಥರ್ ಹ್ಯಾಡಿ ಅನ್ನೋ ಎಂಜಿನಿಯರ್ ಮತ್ತು ಅವರ ತಂಡ ಸುಮಾರು 14,000 ಹರ್ಟ್ಝ್‌ವರೆಗಿನ ದನಿ ಹಿಡಿಯೋ ವ್ಯವಸ್ಥೆ ಮಾಡಿದ್ರು. ಯುದ್ಧ ಮುಗಿಯೋ ಹೊತ್ತಿಗೆ ಡೆಕ್ಕಾ ಅದನ್ನೇ ಸಂಗೀತಕ್ಕೆ ತಂದಿತು. ಹೆಸರು ‘ಎಫ್‌ಎಫ್‌ಆರ್‌ಆರ್’, ಲೇಬಲ್ ಮೇಲೆ ಒಂದು ಕಿವಿಯ ಚಿತ್ರ.

ಇದರಿಂದ ಏನಾಯ್ತು? ಪಿಟೀಲಿನ ತಂತಿಗೆ ಕಮಾನು ತಾಗಿದಾಗ ಮೂಲ ಸ್ವರದ ಮೇಲೆ ಸಣ್ಣ ಸಣ್ಣ ಉಪಸ್ವರಗಳು ಏಳ್ತವೆ. ಪಿಟೀಲು ಪಿಟೀಲಿನ ಹಾಗೆ, ಕೊಳಲು ಕೊಳಲಿನ ಹಾಗೆ ಕೇಳಿಸೋದು ಅವುಗಳಿಂದಲೇ. ಮುಂಚೆ ಕತ್ತರಿಸಿ ಹೋಗ್ತಿದ್ದ ಆ ಭಾಗ ಈಗ ತಟ್ಟೆಯೊಳಗೆ ಬಂತು. ಪಿಟೀಲುಗಳ ಗುಂಪು ಪಿಟೀಲುಗಳ ಗುಂಪಿನ ಹಾಗೇ ಕೇಳಿಸತೊಡಗಿತು. ಇದು ಆಗದೇ ಇದ್ದಿದ್ರೆ ‘ಚಾರ್ಮೇನ್’ ಇರ್ತಿರಲಿಲ್ಲ.

ಭಾಗ 5/10: ಕಾಗದದ ಮೇಲೆ ಬರೆದ ಮಾರ್ದನಿ

ಮಾಂಟೊವಾನಿ ಹುಟ್ಟಿದ್ದು 1905ರಲ್ಲಿ, ಇಟಲಿಯ ವೆನಿಸ್‌ನಲ್ಲಿ. ತಂದೆಯೂ ಪಿಟೀಲು ವಾದಕರು. ಮಗ ಇನ್ನೂ ಚಿಕ್ಕವನಿದ್ದಾಗಲೇ ಕುಟುಂಬ ಇಂಗ್ಲೆಂಡಿಗೆ ಬಂತು. 1951ರಲ್ಲಿ ಡೆಕ್ಕಾದ ಅಮೆರಿಕನ್ ವಿಭಾಗದವರು ವಾಲ್ಟ್ಸ್‌ಗಳ ಒಂದು ಎಲ್‌ಪಿ ಮಾಡಿಕೊಡಿ ಅಂದ್ರು. ಎಲ್ಲರ ಹಾಗೆ ಕೇಳಿಸಬಾರದು ಅನ್ನೋದು ಮಾಂಟೊವಾನಿ ಆಸೆ. ಅದಕ್ಕೆ ದಾರಿ ಹುಡುಕಿದ್ದು ಅವರ ವಾದ್ಯವಿನ್ಯಾಸಕಾರ ರೊನಾಲ್ಡ್ ಬಿಂಜ್.

ಬಿಂಜ್ ತಲೆಯಲ್ಲಿ ಇದ್ದಿದ್ದು ದೊಡ್ಡ ಚರ್ಚಿನ ಮಾರ್ದನಿ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದ್ರೆ ಆ ಕೂಗು ಮತ್ತೆ ಮತ್ತೆ ವಾಪಸ್ ಬರುತ್ತಲ್ಲ, ಅಂಥದ್ದೊಂದು ಗುಂಗು ಸ್ಟುಡಿಯೋದಲ್ಲಿ ಹೇಗೆ ತರೋದು? ಅವರು ಯಂತ್ರದ ಮೊರೆ ಹೋಗಲಿಲ್ಲ, ಸ್ವರಲಿಪಿಯಲ್ಲೇ ಬರೆದ್ರು.

ಪಿಟೀಲುಗಳನ್ನ ಹಲವು ಗುಂಪು ಮಾಡಿ ರಾಗವನ್ನ ಅವುಗಳಿಗೆ ಹಂಚಿದ್ರು. ಮೊದಲ ಸ್ವರ ಒಂದನೇ ಗುಂಪಿಗೆ, ಎರಡನೆಯದು ಎರಡನೇ ಗುಂಪಿಗೆ, ಹೀಗೆ. ಉಪಾಯ ಇರೋದು ಮುಂದೆ. ತನ್ನ ಸ್ವರ ನುಡಿಸಿದ ಗುಂಪು ನಿಲ್ಲಿಸೋ ಹಾಗಿಲ್ಲ. ಮುಂದಿನ ಗುಂಪು ಮುಂದಿನ ಸ್ವರ ನುಡಿಸ್ತಾ ಇರುವಾಗ ಹಿಂದಿನ ಸ್ವರ ಇನ್ನೂ ಗಾಳಿಯಲ್ಲಿ ನಿಂತೇ ಇರುತ್ತೆ. ಒಬ್ಬೊಬ್ಬರ ಪಾಲು ಬೇರೆ ಮಾಡಿ ಕೇಳಿದ್ರೆ ಅಲ್ಲಿ ರಾಗವೇ ಇಲ್ಲ. ಎಲ್ಲರೂ ಸೇರಿದಾಗ ಮಾತ್ರ ರಾಗವೂ ಹುಟ್ಟುತ್ತೆ, ಅದರ ನೆರಳೂ ಹುಟ್ಟುತ್ತೆ.

ಮೂಕಿ ಚಿತ್ರಗಳ ಕಾಲದ 1926ರ ಒಂದು ಹಳೇ ರಾಗಕ್ಕೆ ಹೀಗೆ ಹೊಸ ಉಡುಪು ಸಿಕ್ತು. ರೆಕಾರ್ಡು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯ್ತು. ಹೆಸರು ಬಂದಿದ್ದು ಮಾಂಟೊವಾನಿಗೆ. ಬಿಂಜ್ ಹೆಸರು ಇವತ್ತಿಗೂ ಎಷ್ಟು ಜನಕ್ಕೆ ಗೊತ್ತು, ಹೇಳಿ.

ಭಾಗ 6/10: ಮನೆಯಲ್ಲಿ ಯಾರೂ ಪೂರ್ತಿ ಕೇಳದ ರೆಕಾರ್ಡಿಂಗ್

ಈಗ ಅಟ್ಲಾಂಟಿಕ್ ದಾಟಿ ಅಮೆರಿಕದ ಬಾಸ್ಟನ್‌ಗೆ ಬನ್ನಿ. ಬ್ರಿಟನ್ನಿಗೆ ಲೈಟ್ ಮ್ಯೂಸಿಕ್ ಹೇಗೋ, ಇಲ್ಲಿಗೆ ‘ಪಾಪ್ಸ್’ ಹಾಗೆ. ಆರ್ಥರ್ ಫೀಡ್ಲರ್ 1930ರಿಂದ 1979ರಲ್ಲಿ ತೀರಿಕೊಳ್ಳೋವರೆಗೂ ಬಾಸ್ಟನ್ ಪಾಪ್ಸ್ ಆರ್ಕೆಸ್ಟ್ರಾ ನಡೆಸಿದ್ರು. ಲೆರಾಯ್ ಆಂಡರ್ಸನ್ ಅವರ ಪುಟ್ಟ ತುಣುಕುಗಳು ಬೆಳೆದಿದ್ದು ಇಲ್ಲೇ. ಆಂಡರ್ಸನ್ 1950ರಲ್ಲಿ ಬರೆದ ‘ದ ಟೈಪ್‌ರೈಟರ್’ನಲ್ಲಿ ಟೈಪ್‌ರೈಟರೇ ವಾದ್ಯ! ಟಕಟಕ ಸದ್ದು, ಸಾಲು ಮುಗಿದಾಗ ಬರೋ ಗಂಟೆ, ಎಲ್ಲವೂ ತಾಳಕ್ಕೆ ಸರಿಯಾಗಿ.

1954ರ ಜೂನ್‌ನಲ್ಲಿ ಆರ್‌ಸಿಎ ಕಂಪನಿ ಫೀಡ್ಲರ್ ತಂಡದಿಂದ ಆಫೆನ್‌ಬಾಖ್‌ನ ರಾಗಗಳಿಂದ ಕಟ್ಟಿದ ‘ಗೇಟೆ ಪಾರಿಸಿಯೆನ್’ ರೆಕಾರ್ಡ್ ಮಾಡಿತು, ಅದೂ ಸ್ಟೀರಿಯೋದಲ್ಲಿ. ಆದರೆ ಸ್ಟೀರಿಯೋ ಎಲ್‌ಪಿ ಅಂಗಡಿಗೆ ಬಂದಿದ್ದು 1958ರಲ್ಲಿ. ಅಲ್ಲಿವರೆಗೆ ಎಲ್‌ಪಿ ಕೊಂಡವರ ಮನೆಯಲ್ಲಿ ಕೇಳಿಸಿದ್ದು ಮೋನೋ. ಮುಂದಿನ ವರ್ಷಗಳಲ್ಲಿ ಆರ್‌ಸಿಎ ಎಂಜಿನಿಯರುಗಳು ಎಡ, ನಡು, ಬಲ ಅಂತ ಮೂರು ಟ್ರ್ಯಾಕಿನಲ್ಲಿ ಟೇಪ್ ಮಾಡತೊಡಗಿದ್ರು. ಎಲ್‌ಪಿಗೆ ಇಳಿಸುವಾಗ ಮೂರನ್ನ ಎರಡಕ್ಕೆ ಕೂಡಿಸ್ತಿದ್ರು.

ಆ ಟೇಪುಗಳು ಉಗ್ರಾಣದಲ್ಲಿ ಉಳಿದವು. 2004ರಿಂದ ಅವನ್ನ ಎಸ್‌ಎಸಿಡಿ ಅನ್ನೋ ಹೊಸ ಬಗೆಯ ಡಿಸ್ಕಿಗೆ ತಂದಾಗ, ಸರಿಯಾದ ಸ್ಪೀಕರ್ ಇದ್ದವರು ಮೊದಲ ಸಲ ಮೂರೂ ಟ್ರ್ಯಾಕ್ ಮನೆಯಲ್ಲೇ ಕೇಳಿದ್ರು.

ಈ ರೆಕಾರ್ಡುಗಳು ಉಳಿಯೋಕೆ ಅರ್ಧ ಕಾರಣ ಇಲ್ಲಿದೆ ಅಂತ ನನಗನ್ನಿಸುತ್ತೆ. ಸ್ಟುಡಿಯೋದಲ್ಲಿ ಹಿಡಿದದ್ದು ಮನೆಯ ಗ್ರಾಮಫೋನಿಗಿಂತ ಯಾವಾಗಲೂ ಹೆಚ್ಚೇ ಇತ್ತು. ರೀಮಾಸ್ಟರ್ ಕೇಳೋ ನಾವು ಹಳೆಯದನ್ನ ನೆನಪಿಸಿಕೊಳ್ತಾ ಇಲ್ಲ, ಆಗ ಕೊಂಡವರಿಗೆ ತಲುಪದೇ ಉಳಿದದ್ದನ್ನ ಕೇಳ್ತಾ ಇದ್ದೀವಿ.

ಭಾಗ 7/10: ಎಸೆದ ಕಾಲ

1960ರ ದಶಕ. ಬೀಟಲ್ಸ್ ಬಂದ್ರು. 1967ರಲ್ಲಿ ಬಿಬಿಸಿ ತನ್ನ ‘ಲೈಟ್ ಪ್ರೋಗ್ರಾಂ’ ವಾಹಿನಿಯನ್ನ ಮುಚ್ಚಿ ರೇಡಿಯೋ 1, ರೇಡಿಯೋ 2 ಅಂತ ಮಾಡಿತು. ‘ಮ್ಯೂಸಿಕ್ ವೈಲ್ ಯೂ ವರ್ಕ್’ನ ದಿನನಿತ್ಯದ ಪ್ರಸಾರವೂ ಆ ವರ್ಷವೇ ನಿಂತಿತು. ಲೈಟ್ ಮ್ಯೂಸಿಕ್ಕಿಗೆ ಮನೆ ಇಲ್ಲದ ಹಾಗಾಯ್ತು.

ಇನ್ನೊಂದು ಬಗೆಯ ರೆಕಾರ್ಡುಗಳಿದ್ವು. ಲಂಡನ್ನಿನ ಚಾಪೆಲ್‌ನಂಥ ಪ್ರಕಾಶಕರು 1940ರ ದಶಕದಿಂದ ‘ಮೂಡ್ ಮ್ಯೂಸಿಕ್’ ಲೈಬ್ರರಿ ನಡೆಸ್ತಿದ್ರು. ರೇಸ್ ದೃಶ್ಯಕ್ಕೆ ಇದು, ಕಡಲತೀರಕ್ಕೆ ಇದು, ಪತ್ತೇದಾರಿಗೆ ಇದು ಅಂತ ತಯಾರಾದ ತುಣುಕುಗಳು. ಸಿನಿಮಾ ನ್ಯೂಸ್‌ರೀಲು, ರೇಡಿಯೋ, ಟಿವಿಯವರಿಗೆ ಮಾತ್ರ, ಅಂಗಡಿಯಲ್ಲಿ ಮಾರಾಟಕ್ಕಿಲ್ಲ. ಚಾರ್ಲ್ಸ್ ವಿಲಿಯಮ್ಸ್‌ನ ‘ಡೆವಿಲ್ಸ್ ಗ್ಯಾಲಪ್’ ಅಂಥದ್ದು. 1946ರಲ್ಲಿ ‘ಡಿಕ್ ಬಾರ್ಟನ್’ ಪತ್ತೇದಾರಿ ನಾಟಕಕ್ಕೆ ರಾಗವಾಗಿ ಅದು ಬ್ರಿಟನ್ನಿನ ಮಕ್ಕಳೆಲ್ಲರ ಬಾಯಲ್ಲಿತ್ತು. ಲಕ್ಷಾಂತರ ಜನ ಕೇಳಿದ ಇಂಥ ರಾಗಗಳ ಲೈಬ್ರರಿ ತಟ್ಟೆ ಸಾಮಾನ್ಯವಾಗಿ ಮನೆಗಳಲ್ಲಿ ಇರ್ತಿರಲಿಲ್ಲ.

1964ರಲ್ಲಿ ಬಾಂಡ್ ಸ್ಟ್ರೀಟಿನ ಚಾಪೆಲ್ ಕಟ್ಟಡಕ್ಕೆ ಬೆಂಕಿ ಬಿತ್ತು. ಸಾಕಷ್ಟು ಸ್ವರಲಿಪಿ ಪ್ರತಿಗಳು ಸುಟ್ಟು ಹೋದವು. ಆದ್ರೆ ಬೆಂಕಿಗಿಂತ ಉದಾಸೀನ ಕಳೆದದ್ದೇ ಹೆಚ್ಚು. ಬೀಥೋವನ್ ರೆಕಾರ್ಡನ್ನ ಯಾರಾದ್ರೂ ಎತ್ತಿಡ್ತಾರೆ. ಟೀ ಸಮಯದ ಸಂಗೀತವನ್ನ ಯಾರು ಎತ್ತಿಡ್ತಾರೆ? ‘ಹಗುರ’ ಅಂತ ಹೆಸರು ಬಿದ್ದರೆ ಕಸದ ಬುಟ್ಟಿ ಹತ್ತಿರವಾಗುತ್ತೆ. ಇತಿಹಾಸ ಓದೋ ನಾವು ಗಮನಿಸಬೇಕಾದ್ದು ಇದು. ಯಾವುದು ಉಳಿಯಬೇಕು ಅನ್ನೋದನ್ನ ಗುಣ ಒಂದೇ ನಿರ್ಧರಿಸಲ್ಲ, ಅದಕ್ಕೆ ಹಚ್ಚಿದ ಚೀಟಿಯೂ ನಿರ್ಧರಿಸುತ್ತೆ.

ಭಾಗ 8/10: ಉಳಿಸಿದವರು ಮತ್ತು ಒಂದು ಕಾನೂನು

ಉಳಿಸಿದ್ದು ಹೆಚ್ಚಾಗಿ ಅಭಿಮಾನಿಗಳು. ಲೈಟ್ ಮ್ಯೂಸಿಕ್ಕಿನ ದೊಡ್ಡ ಸಂಯೋಜಕ ರಾಬರ್ಟ್ ಫಾರ್ನನ್ ಹೆಸರಲ್ಲಿ 1950ರ ದಶಕದಲ್ಲೇ ಒಂದು ಅಭಿಮಾನಿ ಸಂಘ ಹುಟ್ಟಿತ್ತು. ಅದನ್ನ ಬಹುಕಾಲ ನಡೆಸಿದ ಡೇವಿಡ್ ಏಡ್ಸ್, 2004ರಿಂದ ‘ಗಿಲ್ಡ್’ ಅನ್ನೋ ಕಂಪನಿಗಾಗಿ ‘ಲೈಟ್ ಮ್ಯೂಸಿಕ್ಕಿನ ಸುವರ್ಣಯುಗ’ ಅನ್ನೋ ಅರ್ಥದ ಸಿಡಿ ಮಾಲೆ ಹೊರತಂದ್ರು. ನೂರಕ್ಕೂ ಹೆಚ್ಚು ಸಿಡಿ! ಸದ್ದು ಶುದ್ಧ ಮಾಡೋ ಕೆಲಸದಲ್ಲಿ ದೊಡ್ಡ ಪಾಲು ಅಲನ್ ಬಂಟಿಂಗ್ ಅವರದ್ದು.

ಇದಕ್ಕೆ ಕಾನೂನು ದಾರಿ ಮಾಡಿಕೊಟ್ಟಿತ್ತು. ಯೂರೋಪಿನಲ್ಲಿ ರೆಕಾರ್ಡಿಂಗಿನ ಹಕ್ಕು 50 ವರ್ಷ. 2011ರಲ್ಲಿ ಅದನ್ನ 70ಕ್ಕೆ ಏರಿಸಿದ್ರು, ಆದ್ರೆ 1962ರ ಕೊನೆಯೊಳಗೆ ಹೊರಬಂದಿದ್ದ ರೆಕಾರ್ಡುಗಳು ಅಷ್ಟರಲ್ಲಿ ಮುಕ್ತವಾಗಿದ್ವು. ದೊಡ್ಡ ಕಂಪನಿ ಮರೆತದ್ದನ್ನ ಸಣ್ಣವರು ಹೊರತರೋಕೆ ಸಾಧ್ಯವಾಯ್ತು.

ಕೆಲಸ ಹೇಗೆ ಮಾಡ್ತಾರೆ? ಮೊದಲು ತಟ್ಟೆ ತೊಳೀತಾರೆ. ಆಮೇಲೆ ಸೂಜಿಯ ಆಯ್ಕೆ. 78ರ ಸೂಜಿ ಎಲ್‌ಪಿಯದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಹಳೇ ಸೂಜಿಗಳು ಗೀರಿನ ಗೋಡೆಯನ್ನ ಒಂದು ಎತ್ತರದಲ್ಲಿ ಸವೆಸಿರುತ್ತವೆ, ಹಾಗಾಗಿ ಸ್ವಲ್ಪ ದಪ್ಪದ್ದೋ ತೆಳ್ಳಗಿನದ್ದೋ ಹಾಕಿ ಸವೆಯದ ಜಾಗ ಹುಡುಕ್ತಾರೆ. ನಂತರ ವೇಗ. ಎಲ್ಲಾ ‘78’ಗಳೂ ಸರಿಯಾಗಿ 78 ಅಲ್ಲ, ಶ್ರುತಿ ನೋಡಿ ಸರಿಮಾಡಬೇಕು. ಆಮೇಲೆ ಕಂಪನಿಗೊಂದು ರೀತಿಯಲ್ಲಿದ್ದ ತಗ್ಗು-ಎತ್ತರ ದನಿಗಳ ಸಮತೋಲನ. ಅದಕ್ಕೆಲ್ಲ ಒಂದೇ ಮಾನದಂಡ ಬಂದಿದ್ದು 1954ರಲ್ಲಿ.

ಕೊನೆಗೆ ಕಂಪ್ಯೂಟರ್. ಸಿಡಿಯಲ್ಲಿ ಸೆಕೆಂಡಿಗೆ 44,100 ಬಿಂದುಗಳು. ಒಂದು ‘ಟಿಕ್’ ಕೆಡಿಸೋದು ಅದರಲ್ಲಿ ಸ್ವಲ್ಪವನ್ನ ಮಾತ್ರ. ಎರಡೂ ಬದಿಯ ಅಲೆ ನೋಡಿ ನಡುವಿನದ್ದನ್ನ ಲೆಕ್ಕ ಹಾಕಿ ತುಂಬ್ತಾರೆ, ಹರಿದ ಸೀರೆಗೆ ಅದೇ ನೂಲಿನಿಂದ ರಫೂ ಹಾಕಿದ ಹಾಗೆ.

ಭಾಗ 9/10: ಅತಿ ತೊಳೆದ್ರೆ? ಮತ್ತೆ ಮೈಸೂರಿನ ಒಂದು ತಿರುವು

‘ಟಿಕ್’ ತೆಗೆಯೋದು ಸುಲಭ, ‘ಸರ್ರ್’ ತೆಗೆಯೋದು ಕಷ್ಟ. ಕಲ್ಲುಪುಡಿಯ ಸದ್ದು ಮತ್ತು ಪಿಟೀಲಿನ ಉಪಸ್ವರ ಒಂದೇ ಎತ್ತರದಲ್ಲಿ ಬೆರೆತಿರುತ್ತವೆ. ಸದ್ದನ್ನ ಪೂರ್ತಿ ಕಿತ್ತರೆ ಪಿಟೀಲಿನ ಉಸಿರೂ ಅದರ ಜೊತೆ ಹೋಗುತ್ತೆ, ನೀರೊಳಗಿಂದ ಕೇಳಿದ ಹಾಗಾಗುತ್ತೆ. ಒಳ್ಳೆ ಎಂಜಿನಿಯರ್ ಸ್ವಲ್ಪ ಸರಸರ ಬಿಟ್ಟೇ ಬಿಡ್ತಾರೆ. ಎಲ್ಲಿ ನಿಲ್ಲಿಸಬೇಕು ಅಂತ ತಿಳಿದಿರೋದೇ ಈ ಕೆಲಸದ ಹದ.

ಕೆಲವು ಸಲ ಉಳಿದಿರೋದೇ ಅಷ್ಟು, ತೊಳೆದಷ್ಟೇ ಲಾಭ. ಇದಕ್ಕೆ ಒಂದು ಉದಾಹರಣೆ ನಮ್ಮ ಮೈಸೂರಿಗೆ ಬಂದು ನಿಲ್ಲುತ್ತೆ. ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ 1960ರಲ್ಲಿ ಕರಯಾನ್ ನಿರ್ದೇಶನದಲ್ಲಿ ವಾಲ್ಟ್ಸ್, ಪೋಲ್ಕಾ, ಮಾರ್ಚ್‌ಗಳ ಒಂದು ‘ಪ್ರಾಮೆನೇಡ್’ ರೆಕಾರ್ಡು ಮಾಡಿತು, ಅದೂ ಮತ್ತೆ ಮತ್ತೆ ರೀಮಾಸ್ಟರ್ ಆಗ್ತಾ ಬಂದಿದೆ. 1945ರಲ್ಲಿ ಹುಟ್ಟಿದ ಈ ಆರ್ಕೆಸ್ಟ್ರಾಗೆ ಶುರುವಿನ ಕಷ್ಟದ ವರ್ಷಗಳಲ್ಲಿ ಹಣ ಕೊಟ್ಟು ಬೆನ್ನಿಗೆ ನಿಂತವರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಒಬ್ಬರು. ಪಿಯಾನೋ ಕಲಿತು, ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದ ಮಹಾರಾಜರು. ರಷ್ಯದ ಸಂಯೋಜಕ ಮೆಟ್ನರ್‌ನ ಸಂಗೀತ ರೆಕಾರ್ಡಾಗಿದ್ದು ಅವರ ದುಡ್ಡಿನಿಂದ. ಮೆಟ್ನರ್ ತನ್ನ ಮೂರನೇ ಪಿಯಾನೋ ಕನ್ಚೆರ್ಟೋವನ್ನ ಅವರಿಗೇ ಅರ್ಪಿಸಿದ.

1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ಫೋರ್ ಲಾಸ್ಟ್ ಸಾಂಗ್ಸ್’ ಮೊದಲ ಸಲ ಪ್ರದರ್ಶನ ಕಂಡಿದ್ದು ಇದೇ ಆರ್ಕೆಸ್ಟ್ರಾದಿಂದ. ಅದಕ್ಕೂ ಮಹಾರಾಜರ ನೆರವಿತ್ತು. ಹೋಗೋಕಾಗದ ಅವರು ರೆಕಾರ್ಡು ಕಳಿಸಿಕೊಡಿ ಅಂದಿದ್ರು. ಇದೇನೂ ಹಗುರ ಸಂಗೀತ ಅಲ್ಲ, ಆದ್ರೆ ಆ ಸಂಜೆ ಇವತ್ತು ಉಳಿದಿರೋದು ಸವೆದು ಗೊರಗೊರ ಅನ್ನೋ ಡಿಸ್ಕುಗಳ ಮೇಲೆ ಮಾತ್ರ. ಅವನ್ನ ಶುದ್ಧ ಮಾಡಿ ‘ಟೆಸ್ಟಮೆಂಟ್’ ಕಂಪನಿ ಹೊರತಂದಿದೆ.

ಭಾಗ 10/10: ಈಗ ನಿಮ್ಮ ಸರದಿ

ಹಾಗಾದ್ರೆ ಜನ ಇನ್ನೂ ಯಾಕೆ ಕೇಳ್ತಾರೆ? ರಾಗ ಸಿಹಿ ಅನ್ನೋದು ಒಂದು ಕಾರಣ. ಆದ್ರೆ ಸಿಹಿ ರಾಗ ಎಷ್ಟೋ ಇವೆ. ಮೂರು ನಿಮಿಷದೊಳಗೆ ಸಂಯೋಜಕ, ವಿನ್ಯಾಸಕಾರ, ನುರಿತ ವಾದಕರು, ಎಂಜಿನಿಯರ್ ಎಲ್ಲರ ಪೂರ್ತಿ ಕಸುಬು ಅಡಗಿದೆ. ಅದರ ಮೇಲಿನ ಧೂಳು ಹೋದಷ್ಟೂ ಆ ಕಸುಬು ಕಾಣಿಸುತ್ತೆ. ಕಳಪೆ ಕೆಲಸವನ್ನ ಎಷ್ಟು ತೊಳೆದ್ರೂ ಒಳಗಿಂದ ಹೊಸದೇನೂ ಬರಲ್ಲ.

ಹೆಡ್‌ಫೋನ್ ಹಾಕಿ ಮೂರು ಕೇಳಿ: ‘ನೈಟ್ಸ್‌ಬ್ರಿಜ್’, ‘ಚಾರ್ಮೇನ್’, ‘ದ ಟೈಪ್‌ರೈಟರ್’. ಸಾಧ್ಯವಾದ್ರೆ ಯಾರೋ ಹಳೇ ತಟ್ಟೆಯಿಂದ ನೇರ ಹಾಕಿದ್ದನ್ನ ಮೊದಲು, ರೀಮಾಸ್ಟರ್ ಆಮೇಲೆ. ‘ಚಾರ್ಮೇನ್’ನಲ್ಲಿ ಒಂದು ಸ್ವರವನ್ನ ಹಿಡಿದುಕೊಂಡು ಅದು ಎಷ್ಟು ಹೊತ್ತು ನಿಲ್ಲುತ್ತೆ ನೋಡಿ.

ಇನ್ನು ಮನೆ ವಿಷಯ. ಅಜ್ಜ-ಅಜ್ಜಿ ಮನೆ ಅಟ್ಟದಲ್ಲಿ ಕನ್ನಡದ 78 ತಟ್ಟೆಗಳಿದ್ರೆ, ನಾಟಕದ ಹಾಡೋ, ದೇವರನಾಮವೋ, ಹಾಸ್ಯವೋ ಏನೇ ಇರಲಿ, ‘ಇದೇನು ಮಹಾ’ ಅಂತ ಗುಜರಿಗೆ ಹಾಕಬೇಡಿ. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒರೆಸಲೇಬೇಡಿ, ಅರಗು ಆಲ್ಕೋಹಾಲಿನಲ್ಲಿ ಕರಗುತ್ತೆ. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ, ಬಿಸಿಲಿಗೆ ಇಡಬೇಡಿ. ಡಿಜಿಟಲ್ ಮಾಡಿಸಿದ್ರೆ ಸದ್ದು ತೆಗೆಯೋ ಮುಂಚಿನ ಪ್ರತಿಯನ್ನೂ ಇಟ್ಟುಕೊಳ್ಳಿ. ನಾಳೆ ಇನ್ನೂ ಒಳ್ಳೆ ಸಾಫ್ಟ್‌ವೇರ್ ಬಂದಾಗ ಬೇಕಾಗೋದು ಅದೇ. ನಮ್ಮ ದೇಶದಲ್ಲಿ ರೆಕಾರ್ಡಿಂಗಿನ ಹಕ್ಕು 60 ವರ್ಷ. ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ಎಲ್ಲರಿಗೂ ಹಂಚೋ ಮುಂಚೆ ಎರಡನ್ನೂ ನೋಡಿಕೊಳ್ಳಿ.

ಮನೆಯಲ್ಲಿ ಅಂಥ ತಟ್ಟೆ ಇದ್ರೆ ಲೇಬಲ್ಲಿನ ಫೋಟೋ ತೆಗೆದು ಕಾಮೆಂಟಿನಲ್ಲಿ ಹೇಳಿ. ಕಂಪನಿ ಹೆಸರು, ನಂಬರು, ಹಾಡಿದವರು, ಇಷ್ಟು ಸಾಕು. ಪಟ್ಟಿ ಮಾಡೋದು ಅಲ್ಲಿಂದಲೇ ಶುರು ಮಾಡೋಣ.

#ಇತಿಹಾಸ #ಹಳೇರೆಕಾರ್ಡು #ಲೈಟ್‌ಮ್ಯೂಸಿಕ್ #ಅರಗು #ಕನ್ನಡದಲ್ಲಿಓದಿ